ಇಪ್ಪತ್ತೆರಡನೇ ದೀಪಕ್ಕೆ ಇಟ್ಟ ಗಂಧ

ಜನವರಿ 18, ಭಾನುವಾರ, ಬೆಳಿಗ್ಗೆ 6.50. ಶಂಕರಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕದ ಮೇಜಿನ ಮುಂದೆ ಕುಳಿತು ಇದನ್ನು ಶುರು ಮಾಡುತ್ತಿದ್ದೇನೆ. ಎದುರಿಗೆ ಎರಡು ಡೈರಿ ಇವೆ. ಒಂದು ಸೆಪ್ಟೆಂಬರಿನಿಂದ ಡಿಸೆಂಬರಿನವರೆಗಿನದು, ಇನ್ನೊಂದು ಈ ವರ್ಷದ್ದು. ಅವುಗಳ ಜೊತೆಗೆ ಮೂವತ್ತಾರು ಟಿಕ್ ಗುರುತುಗಳಿರುವ ಒಂದು ಹಾಳೆ.

ತರಗುಪೇಟೆಯಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದ ಒಬ್ಬ ತಾತ ತನಗೆ ಮರೆವು ಶುರುವಾಗಿದೆ ಎಂದು ನಂಬಿಕೊಂಡು ಏಣಿ ಹತ್ತುವುದನ್ನೇ ಬಿಟ್ಟು ಹೋಗಿದ್ದಾರೆ. ಹಾಗೆ ಅವರು ನಂಬಿದ್ದು ಈ ಹಾಳೆಯನ್ನು ನೋಡಿ. ಹಾಳೆ ಸುಳ್ಳು. ಬರೆದವಳು ನಾನು.

ನನಗೆ ಹತ್ತನೇ ವಯಸ್ಸಿನಿಂದ ಡೈರಿ ಬರೆಯುವ ಅಭ್ಯಾಸ. ಭಾವನೆಗಳನ್ನೇನೂ ಬರೆಯುವವಳಲ್ಲ. ಎಷ್ಟು ಹೊತ್ತಿಗೆ ಎದ್ದೆ, ಬಸ್ಸು ಎಷ್ಟು ನಿಮಿಷ ತಡವಾಯಿತು, ಅಮ್ಮ ದೋಸೆ ಎಷ್ಟು ಹುಯ್ದಳು, ಅದರಲ್ಲಿ ನಾನು ಎಷ್ಟು ತಿಂದೆ, ಇಂಥವು. ‘ಮುಂದಿನ ಜನ್ಮದಲ್ಲಿ ನೀನು ಗೋಡೆ ಗಡಿಯಾರ ಆಗ್ತೀಯ ನೋಡು, ಯಾರಾದ್ರೂ ಮೊಳೆ ಹೊಡ್ದು ನೇತಾಕ್ತಾರೆ’ ಎಂದು ಅಮ್ಮ ರೇಗಿಸುತ್ತಾಳೆ. ಅವಳ ಮಾತಿಗೆ ನಾನು ನಗುತ್ತಿದ್ದೆ. ಒಳಗೊಳಗೆ ಹೆಮ್ಮೆಯೂ ಇತ್ತು. ನಾನು ಬರೆದದ್ದು ಎಂದರೆ ಬರೆದದ್ದೇ ಎಂದುಕೊಂಡಿದ್ದೆ.

ಕೆಲಸಕ್ಕೆ ಸೇರಿದ್ದೂ ಇದೇ ಗುಣದಿಂದ. ನಾವು ಮೂರೇ ಜನ ಇರುವ ಸಣ್ಣ ಕಂಪನಿ, ಚಾಮರಾಜಪೇಟೆಯ ಒಂದು ಮಹಡಿಯಲ್ಲಿದೆ. ದೊಡ್ಡ ಗೋಡೌನುಗಳ ಒಳಗೆ ಡ್ರೋನ್ ಹಾರಿಸಿ, ಮೇಲಿನವರೆಗೆ ಪೇರಿಸಿದ ಮೂಟೆಗಳ ಫೋಟೊ ತೆಗೆದು ಎಣಿಸಿಕೊಡುವುದು ನಮ್ಮ ಕೆಲಸ. ಬಯಲಿನಲ್ಲಾದರೆ ಡ್ರೋನಿಗೆ ತಾನೆಲ್ಲಿದ್ದೇನೆ ಎಂದು ಜಿಪಿಎಸ್ ಹೇಳುತ್ತದೆ. ತರಗುಪೇಟೆಯ ಹಳೆಯ ಮಂಡಿಗಳ ಒಳಗೆ, ಎರಡಡಿ ದಪ್ಪದ ಗೋಡೆ ಮತ್ತು ತಗಡಿನ ಮಾಡಿನ ಕೆಳಗೆ ಅದು ಸಿಗುವುದಿಲ್ಲ. ಅಲ್ಲಿ ದಾರಿ ಹೇಳುವುದು ದೀಪ.

ತಟ್ಟೆಯಷ್ಟು ಅಗಲದ ಚೌಕ ದೀಪಗಳು. ಉರಿಯುವಾಗ ಸೆಕೆಂಡಿಗೆ ಲೆಕ್ಕವಿಲ್ಲದಷ್ಟು ಸಲ ಆರಿ ಹತ್ತುತ್ತವೆ. ನಮ್ಮ ಕಣ್ಣಿಗೆ ಅದು ಒಂದೇ ಸಮನಾದ ಬೆಳಕು. ಡ್ರೋನಿನ ನೆತ್ತಿಯ ಮೇಲಿರುವ ಪುಟ್ಟ ಕ್ಯಾಮೆರಾಕ್ಕೆ ಮಾತ್ರ ಆ ಬೆಳಕು ಕಪ್ಪು ಬಿಳುಪಿನ ಅಡ್ಡಪಟ್ಟೆಗಳಾಗಿ ಕಾಣುತ್ತದೆ. ಒಂದೊಂದು ದೀಪದ ಪಟ್ಟೆ ಒಂದೊಂದು ಥರ. ಪಟ್ಟೆಯಿಂದ ದೀಪದ ಸಂಖ್ಯೆ ತಿಳಿಯುತ್ತದೆ. ಆ ಸಂಖ್ಯೆಯ ದೀಪ ಎಲ್ಲಿ ತೂಗುತ್ತಿದೆ ಎಂಬ ಪಟ್ಟಿ ಡ್ರೋನಿನಲ್ಲಿ ಮೊದಲೇ ಇರುತ್ತದೆ. ಹಾಗಾಗಿ ಹದಿನೇಳನೇ ದೀಪ ಕಂಡರೆ ತಾನು ಮೂರನೇ ಸಾಲಿನ ಐದನೇ ಜಾಗದಲ್ಲಿದ್ದೇನೆ ಎಂದು ಅದಕ್ಕೆ ಗೊತ್ತಾಗುತ್ತದೆ. ಪಟ್ಟಿ ಮಾಡುವುದು, ಅದನ್ನು ಸರಿಯಾಗಿ ಇಡುವುದು ನನ್ನ ಪಾಲಿನ ಕೆಲಸ.

ನಮಗೆ ಕೆಲಸ ಕೊಟ್ಟ ಒಂದು ಕಾಳಿನ ಮಂಡಿಯಲ್ಲಿ ಬಾಗಿಲಿನಿಂದ ಹಿಂಗೋಡೆಯವರೆಗೆ ಆರು ಸಾಲು, ಸಾಲಿಗೆ ಆರು ದೀಪ, ಒಟ್ಟು ಮೂವತ್ತಾರು. ಅವನ್ನು ತೂಗುಹಾಕಲು ಮಂಡಿಯ ಯಜಮಾನರು ಕರೆಸಿದ್ದು ಆ ತಾತನನ್ನು. ಆ ಬೀದಿಯ ಬಹುಪಾಲು ಅಂಗಡಿಗಳಿಗೆ ವೈರ್ ಎಳೆದವರು ಅವರೇ. ಕಿವಿಯ ಮೇಲೆ ಟೆಸ್ಟರ್, ಹೆಗಲ ಮೇಲೆ ಸುರುಳಿ ಸುತ್ತಿದ ಗೋಣಿತಾಟು, ಜೊತೆಗೆ ಅವರದೇ ಒಂದು ಬಿದಿರಿನ ಏಣಿ. ಸೆಪ್ಟೆಂಬರ್ 8ರಂದು ಬೆಳಿಗ್ಗೆ 9.20ಕ್ಕೆ ಮೊದಲ ಸಲ ನೋಡಿದ್ದೆಂದು ಡೈರಿಯಲ್ಲಿದೆ. ದೀಪದ ವಿಷಯ ನಾನು ವಿವರಿಸಿದಾಗ ಅವರು ಒಂದು ದೀಪವನ್ನು ಎತ್ತಿ ಹಿಡಿದು ಹಿಂದೆ ಮುಂದೆ ನೋಡಿದರು.

‘ಮಿಟುಕ್ತಾ ಇದೆ ಅಂತೀಯ.’

‘ಹೂಂ ತಾತ.’

‘ಕಾಣಲ್ಲ ಅಂತೀಯ.’

‘ನಮ್ಗೆ ಕಾಣಲ್ಲ. ಅದಕ್ಕೆ ಕಾಣುತ್ತೆ.’

‘ಮಿಟುಕೋ ಟ್ಯೂಬ್‌ಲೈಟ್ ಸರಿ ಮಾಡಿ ಮಾಡೀ ನನ್ನ ಕೂದ್ಲು ಬೆಳ್ಳಗಾಯ್ತು ತಾಯಿ. ಈಗ ನೀನು ಬಂದು ಮಿಟುಕೋದೇ ಸರಿ ಅಂತಿದೀಯ.’

ಮೊರದಲ್ಲಿ ತೊಗರಿ ಹಸನು ಮಾಡುತ್ತ ಕುಳಿತಿದ್ದ, ನಾನು ಅಕ್ಕ ಎಂದು ಕರೆಯುವ ಹೆಂಗಸು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಆ ಮಂಡಿಯಲ್ಲಿ ಕಾಳು ಹಸನು ಮಾಡುವ ಕೆಲಸ ಅವಳದು, ಹಿಂಗೋಡೆಯ ಹತ್ತಿರ, ಒಂದು ಕಿಟಕಿಯ ಕೆಳಗೆ ಅವಳ ಜಾಗ. ನಮ್ಮ ಡ್ರೋನಿಗೆ ದುಂಬಿ ಎಂದು ಹೆಸರಿಟ್ಟವಳೂ ಅವಳೇ.

ತಾತ ಬರೆದುಕೊಳ್ಳುತ್ತಿರಲಿಲ್ಲ. ಅವರಿಗೆ ಅವರದೇ ಒಂದು ಪದ್ಧತಿ ಇತ್ತು. ಮೇಲಿನಿಂದ ಏನನ್ನಾದರೂ ಬಿಚ್ಚಿ ಇಳಿಸುವಾಗ ಗೋಣಿತಾಟನ್ನು ಕೆಳಗೆ ಹಾಸಿ, ಮೇಲೆ ಯಾವ ಜಾಗದಲ್ಲಿತ್ತೋ ಕೆಳಗೂ ಅದೇ ಜಾಗದಲ್ಲಿ ಇಡುತ್ತಿದ್ದರು. ಹಾಗೆ ಇಡುವಾಗ ಧಾನ್ಯ ಅಳೆಯುವವರ ಥರವೇ ಎಣಿಕೆ, ಒಂದು ಎನ್ನದೆ ‘ಲಾಭ’ ಎಂದು ಶುರು. ಲಾಭ, ಎರಡು, ಮೂರು. ‘ಮ್ಯಾಲೆ ಹೆಂಗಿತ್ತೋ ಕೆಳ್ಗೆ ಹಂಗೆ. ಗೋಣಿತಾಟೇ ನನ್ನ ಪುಸ್ತಕ’ ಎನ್ನುತ್ತಿದ್ದರು. ನನ್ನ ಡೈರಿಯನ್ನು ಕಂಡರೆ ಮಾತ್ರ ಅವರಿಗೆ ಬಹಳ ಗೌರವ. ನಾನು ಏನನ್ನಾದರೂ ಬರೆಯುತ್ತಿದ್ದರೆ ಮಾತಾಡಿಸದೆ ಕಾಯುತ್ತಿದ್ದರು.

ಸೆಪ್ಟೆಂಬರಿನಲ್ಲಿ ಡ್ರೋನ್ ಒಂಬತ್ತು ಸಲ ಹಾರಿತು. ಒಂಬತ್ತು ಸಲವೂ ಸರಿಯಾಗಿ ಹೋಗಿ ಸರಿಯಾಗಿ ಬಂತು.

ಆಮೇಲೆ ಆಯುಧಪೂಜೆ ಬಂತು. ಮಂಡಿಯಲ್ಲಿ ಪೂಜೆ ಎಂದರೆ ತಕ್ಕಡಿ, ತೂಕದ ಕಲ್ಲು, ಮೊರ, ಕೊಕ್ಕೆ, ಗೂಡ್ಸ್ ಆಟೋ ಎಲ್ಲವನ್ನೂ ತೊಳೆದು ಗಂಧ ಕುಂಕುಮ ಇಡಬೇಕು. ‘ದೀಪಾನೂ ಆಯುಧಾನೇ. ಇಳ್ಸಿ ತೊಳೀರಿ’ ಎಂದರು ಯಜಮಾನರು. ನಮ್ಮ ಕಂಪನಿಯ ಮುಖ್ಯಸ್ಥನಿಗೆ ಫೋನ್ ಮಾಡಿ ಕೇಳಿದೆ. ಅವನು ನನಗಿಂತ ಆರು ವರ್ಷ ದೊಡ್ಡವನು ಅಷ್ಟೆ. ‘ಇಳಿಸಲಿ ಬಿಡು. ವಾಪಸ್ ಹಾಕಿದ್ಮೇಲೆ ನೀನು ನಡೆದು ನೋಡಿಬಿಡು, ಮರೀಬೇಡ’ ಎಂದ.

ನಡೆದು ನೋಡುವುದು ಎಂದರೆ ಇಷ್ಟು. ಯಾರೇ ದೀಪ ಮುಟ್ಟಿದರೂ, ಕೈಯಲ್ಲಿ ಹಿಡಿಯುವ ಒಂದು ಕ್ಯಾಮೆರಾ ಡಬ್ಬಿಯೊಂದಿಗೆ ಪ್ರತಿ ದೀಪದ ಕೆಳಗೂ ನಿಲ್ಲಬೇಕು. ಡಬ್ಬಿ ಸಂಖ್ಯೆ ತೋರಿಸುತ್ತದೆ. ಅದು ಪಟ್ಟಿಗೆ ಹೊಂದಿದರೆ ಹಾಳೆಯಲ್ಲಿ ಒಂದು ಟಿಕ್. ಮೂವತ್ತಾರು ದೀಪಕ್ಕೆ ನಲವತ್ತು ನಿಮಿಷ ಬೇಕು. ಆ ಹಾಳೆಯನ್ನು ರೂಪಿಸಿದವಳು ನಾನೇ. ಶುರುವಾದ ಹೊತ್ತು, ಮುಗಿದ ಹೊತ್ತು ಎಂಬ ಎರಡು ಕಾಲಮ್ಮುಗಳು ನನ್ನ ಸೇರ್ಪಡೆ.

ಸೆಪ್ಟೆಂಬರ್ 30ರಂದು ತಾತ ದೀಪಗಳನ್ನೆಲ್ಲ ಇಳಿಸಿ, ಒರೆಸಿ, ಗೋಣಿತಾಟುಗಳ ಮೇಲೆ ಆರು ಸಾಲಾಗಿ ಇಟ್ಟರು. ಅಕ್ಟೋಬರ್ 1, ಬುಧವಾರ ಬೆಳಿಗ್ಗೆ ನಾನು ಮಾರ್ಕೆಟ್ಟಿನಿಂದ ಸೇವಂತಿಗೆ, ಬಾಳೆಕಂದು, ಮಾವಿನ ಸೊಪ್ಪು ತಂದೆ. ಜನಜಂಗುಳಿಯಲ್ಲಿ ಒಂದು ಚಪ್ಪಲಿ ಕಿತ್ತುಹೋಯಿತು. ಮಂಡಿಗೆ ಬಂದಾಗ 10.40. ಅಕ್ಕ ಗಂಧ ತೇದು ಇಟ್ಟಿದ್ದಳು. ಡ್ರೋನಿನ ಕೆಳಗೆ ಇಡಲು ಯಜಮಾನರು ನಿಂಬೆಹಣ್ಣು ತರಿಸಿದ್ದರು, ಅದರ ಮೇಲೆ ಡ್ರೋನ್ ಹತ್ತಿಸುವುದು ಹೇಗೆ ಎಂದು ಸ್ವಲ್ಪ ಚರ್ಚೆಯೂ ಆಯಿತು. ದೀಪಗಳಿಗೆ ಕುಂಕುಮ ಇಡುವ ಕೆಲಸ ನನಗೆ ಬಂತು. ‘ನಿನ್ನ ದೀಪ ತಾನೇ, ನೀನೇ ಇಡು’ ಎಂದಳು ಅಕ್ಕ.

ಮೊದಲ ದೀಪಕ್ಕೆ ಕೈ ಇಟ್ಟಾಗ ತಾತ ಹೇಳಿದರು, ‘ಬೆನ್ನಿಗೆ ಇಡು ತಾಯಿ. ಮುಖ ಬೆಳಕು ಬರೋ ಜಾಗ.’

‘ಬೆನ್ನಿಗೆ ಇಟ್ರೆ ಮೇಲೆ ಹಾಕಿದ್ಮೇಲೆ ಯಾರಿಗೆ ಕಾಣುತ್ತೆ ತಾತ?’

‘ದೇವ್ರಿಗೆ ಬೆನ್ನೂ ಕಾಣುತ್ತೆ.’

‘ಯಜಮಾನರಿಗೆ ಕಾಣಲ್ವಲ್ಲ!’

ಎಲ್ಲರೂ ನಕ್ಕರು, ಯಜಮಾನರೂ ನಕ್ಕರು. ನಾನು ಮುಖಕ್ಕೇ ಇಟ್ಟೆ. ಮೂವತ್ತೈದು ದೀಪಗಳಿಗೆ ಮೂಲೆಯಲ್ಲಿ ಒಂದು ಸಣ್ಣ ಬೊಟ್ಟು. ಇಪ್ಪತ್ತೆರಡು ನಾನು ಹುಟ್ಟಿದ ತಾರೀಕು. ಅದು ನನ್ನದು ಎಂದುಕೊಂಡು, ಆ ದೀಪಕ್ಕೆ ಮಾತ್ರ ಮೂರು ಬೆರಳಿನಲ್ಲಿ ಗಂಧ ಅದ್ದಿ, ಈ ಅಂಚಿನಿಂದ ಆ ಅಂಚಿಗೆ ಮೂರು ಅಡ್ಡಗೆರೆ ಎಳೆದೆ. ನಡುವೆ ಕಾಸಿನಗಲ ಕುಂಕುಮ.

ಬೆಳಕನ್ನು ಪಟ್ಟೆ ಪಟ್ಟೆಯಾಗಿ ಓದುವ ಕ್ಯಾಮೆರಾದ ವಿಷಯ ಆ ಮಂಡಿಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಬೆಳಕಿನ ಮೇಲೆ ಮೂರು ಪಟ್ಟೆ ಬಳಿದವಳೂ ನಾನೇ. ಕೈ ತೊಳೆಯುವಾಗಲೂ ನನಗೆ ಹೊಳೆಯಲಿಲ್ಲ.

ತಾತ ಏಣಿ ಹತ್ತಿ ಇಳಿದು, ‘ಲಾಭ, ಎರಡು’ ಎನ್ನುತ್ತ ದೀಪಗಳನ್ನು ಮೇಲೇರಿಸಿದರು. 12.55ಕ್ಕೆ ಮುಗಿಯಿತು. ಆ ಹೊತ್ತಿಗೆ ಎಲೆ ಹಾಕಿದ್ದರು. ಪುಳಿಯೋಗರೆಯ ವಾಸನೆ ಮಂಡಿಯ ತುಂಬ. ಅಕ್ಕ ಕೂಗಿದಳು, ‘ಬಾರೇ ಅಮ್ಮಣ್ಣಿ, ದೀಪ ಓಡೋಗಲ್ಲ.’ ಡಬ್ಬಿ ನನ್ನ ಚೀಲದಲ್ಲಿತ್ತು. ತಾತನ ಕೈ ತಪ್ಪುವುದಿಲ್ಲ ಎಂದು ನನಗೆ ಗೊತ್ತಿತ್ತು. ಊಟವಾದ ಮೇಲೆ, ತಕ್ಕಡಿಯ ಪಕ್ಕದ ಬೆಂಚಿನ ಮೇಲೆ ಕುಳಿತು ಮೂವತ್ತಾರು ಟಿಕ್ ಹಾಕಿದೆ. ಶುರು 1.05, ಮುಕ್ತಾಯ 1.45 ಎಂದು ಬರೆದೆ. ಮಧ್ಯದಲ್ಲಿ ಎರಡು ಟಿಕ್‌ಗಳನ್ನು ಸ್ವಲ್ಪ ಓರೆಯಾಗಿ ಹಾಕಿದ್ದೇನೆ, ನಡೆಯುತ್ತ ಬರೆದಂತೆ ಕಾಣಲಿ ಎಂದು. ಹಾಳೆಯನ್ನು ಈಗ ನೋಡುವಾಗ ಕಣ್ಣಿಗೆ ಮೊದಲು ಬೀಳುವುದು ಆ ಎರಡು ಓರೆ ಟಿಕ್‌ಗಳೇ.

ಅಕ್ಟೋಬರ್ 3ರ ಸಂಜೆ ತಾತ ಮಾವಿನ ತೋರಣ ಬಿಚ್ಚಲು ಮತ್ತೆ ಏಣಿ ಹತ್ತಿದ್ದರು. ನಾನು ಅಲ್ಲಿರಲಿಲ್ಲ. ನನಗೆ ಗೊತ್ತೂ ಇರಲಿಲ್ಲ.

ಅಕ್ಟೋಬರ್ 4, ಶನಿವಾರ, ಬೆಳಿಗ್ಗೆ 6.40. ವ್ಯಾಪಾರ ಶುರುವಾಗುವ ಮುಂಚೆ ಹಾರಿಸುವುದು ನಮ್ಮ ರೂಢಿ. ಹಗ್ಗ ಕಟ್ಟಿ ಗಡಿ ಹಾಕಿದ್ದೆವು. ಅಕ್ಕ ಹಗ್ಗದ ಆಚೆ, ತನ್ನ ಕಿಟಕಿಯ ಕೆಳಗೆ ಕೂತಿದ್ದಳು. ತಾತ ಬಾಗಿಲಲ್ಲಿ ಟೀ ಕುಡಿಯುತ್ತಿದ್ದರು. ಡ್ರೋನ್ ನಾಲ್ಕನೇ ಸಾಲಿನವರೆಗೆ ಚೆನ್ನಾಗಿ ಹೋಯಿತು. ಇಪ್ಪತ್ತೆರಡನೇ ದೀಪದ ಕೆಳಗೆ ಬಂದಾಗ ಅದಕ್ಕೆ ಹತ್ತನೇ ದೀಪ ಕಂಡಿತು. ಹತ್ತು ಇರುವುದು ಎರಡು ಸಾಲು ಹಿಂದೆ. ತಾನಿನ್ನೂ ಹಿಂದಿದ್ದೇನೆ ಎಂದುಕೊಂಡು ಅದು ಒಮ್ಮೆಲೇ ಮುಂದಕ್ಕೆ ನುಗ್ಗಿತು. ಮುಂದಿನ ದೀಪ ನಿಜವಾದ ಸಂಖ್ಯೆ ಹೇಳಿದ್ದೇ ತಬ್ಬಿಬ್ಬಾಗಿ ವಾಲಿ, ಮೂಟೆಗಳ ಸಾಲಿಗೆ ಬಡಿದು, ಹಗ್ಗದಾಚೆ ಉರುಳಿತು. ಅಕ್ಕ ಮುಖಕ್ಕೆ ಕೈ ಅಡ್ಡ ಹಿಡಿದಳು. ರೆಕ್ಕೆ ಅವಳ ಮುಂಗೈಯನ್ನು ಸೀಳಿತು. ಮೊರದಲ್ಲಿದ್ದ ತೊಗರಿಯ ಮೇಲೆ ರಕ್ತ ಬಿತ್ತು.

ತಾತ ಹೆಗಲ ಮೇಲಿನ ಟವೆಲ್ಲನ್ನು ಹರಿದು ಕಟ್ಟಿದರು. ಅಕ್ಕ ಅಳಲಿಲ್ಲ. ‘ನಿನ್ನ ದುಂಬಿ ಕಚ್ಚೇಬಿಡ್ತಲ್ಲೇ’ ಎಂದಳು ನನಗೆ. ಡಾಕ್ಟರು ನಾಲ್ಕು ಹೊಲಿಗೆ ಹಾಕಿದರು.

ನಾವು ವಾಪಸ್ಸು ಬಂದಾಗ ಯಜಮಾನರೂ ನಮ್ಮ ಮುಖ್ಯಸ್ಥನೂ ಕಾಯುತ್ತಿದ್ದರು. ಲ್ಯಾಪ್‌ಟಾಪ್ ತೆರೆದು ನೋಡಿದೆ. ಇಪ್ಪತ್ತೆರಡರ ಜಾಗದಲ್ಲಿ ಹತ್ತು ಎಂದಿತ್ತು. ಹತ್ತರ ಜಾಗದಲ್ಲಿ ಏನು ಕಂಡಿತ್ತೆಂದು ನೋಡಲಿಲ್ಲ.

‘ಅದಲು ಬದಲಾಗಿದೆ’ ಎಂದೆ. ನನ್ನ ಬಾಯಿಂದ ಮೊದಲು ಬಂದದ್ದೇ ಅದು.

‘ಹಾಕಿದ್ಮೇಲೆ ನಡೆದು ನೋಡಿದ್ಯಾ?’ ಮುಖ್ಯಸ್ಥ ಕೇಳಿದ.

‘ನೋಡಿದ್ದೆ.’

ಚೀಲದಿಂದ ಹಾಳೆ ತೆಗೆದು ಕೊಟ್ಟೆ. ಅವನು ನೋಡಿದ, ಯಜಮಾನರಿಗೆ ಕೊಟ್ಟ. ಯಜಮಾನರು ನೋಡಿ ತಾತನ ಕಡೆ ತಿರುಗಿದರು.

‘ಆಮೇಲೆ ಯಾರಾದ್ರೂ ಮುಟ್ಟಿದ್ರಾ?’

ತಾತ ಒಂದು ಹೆಜ್ಜೆ ಮುಂದೆ ಬಂದರು. ‘ನಿನ್ನೆ ತೋರಣ ಬಿಚ್ಚುವಾಗ ಎರಡು ದೀಪ ಕೈಗೆ ಅಡ್ಡ ಬಂತು ಸ್ವಾಮಿ. ತೆಗ್ದು ಹಾಕ್ದೆ. ಎರಡೇ ಅಲ್ವಾ ಅಂತ ಗೋಣಿತಾಟು ಹಾಸಿರ್ಲಿಲ್ಲ.’

‘ಯಾವೆರಡು?’

‘ಅಲ್ಲೇ, ನಡುವಿನವು.’ ಅವರು ತಲೆ ಎತ್ತಿ ಮಾಡನ್ನು ನೋಡಿದರು. ಬಹಳ ಹೊತ್ತು ನೋಡಿದರು. ‘ಸರಿಯಾಗೇ ಹಾಕ್ದೆ ಅಂತ ನನ್ನ ನೆನಪು. ಆದ್ರೆ ಮಗು ಬರ್ದಿಟ್ಟಿದೆ. ಬರ್ದಿರೋದು ಸುಳ್ಳಾಗುತ್ತಾ? ನನ್ನ ಕೈಯೇ ತಪ್ಪಿರ್ಬೇಕು.’

ಆಗ ಹೊತ್ತು 9.35. ಬಾಯಿ ಬಿಡಲು ನನಗೆ ಬೇಕಾದಷ್ಟು ಸಮಯವಿತ್ತು. ಯಜಮಾನರು ಬೈಯಲಿಲ್ಲ. ಬೈದಿದ್ದರೆ ನಾನು ಮಾತಾಡುತ್ತಿದ್ದೆನೇನೋ ಎಂದು ನೂರು ಸಲ ಅಂದುಕೊಂಡಿದ್ದೇನೆ, ಅದೂ ಒಂದು ನೆಪ. ‘ವಯಸ್ಸಾಯ್ತಪ್ಪ, ಇನ್ನು ಸಾಕು’ ಎಂದರು, ಅಷ್ಟೆ. ತಾತ ಅಕ್ಕನ ಹತ್ತಿರ ಹೋಗಿ ಕೈ ಮುಗಿದರು. ಅಕ್ಕ ಗಾಬರಿಯಾಗಿ, ‘ಅಯ್ಯೋ, ನೀವ್ಯಾಕೆ ಮುಗೀತೀರ!’ ಎಂದು ಕಟ್ಟು ಕಟ್ಟಿದ ಕೈಯಿಂದಲೇ ಅವರ ಕೈ ಹಿಡಿದು ಇಳಿಸಿದಳು.

ಅಲ್ಲಿಯವರೆಗೆ ನಾನು ಮಾಡಿದ್ದು ಸೋಮಾರಿತನ, ಹೆದರಿಕೆ. ಅವರು ನಿಜವಾಗಿಯೂ ಆ ಎರಡು ದೀಪಗಳನ್ನು ಅದಲು ಬದಲು ಮಾಡಿರಬಹುದು ಎಂದು ನಾನೂ ಅರ್ಧ ನಂಬಿದ್ದೆ. ಆ ನಂಬಿಕೆಗೆ ಎರಡೇ ದಿನ ಆಯುಸ್ಸು.

ಅಕ್ಟೋಬರ್ 6, ಸೋಮವಾರ, ಮಧ್ಯಾಹ್ನ 3.15ಕ್ಕೆ ಡಬ್ಬಿ ಹಿಡಿದು ನಿಜವಾಗಿ ನಡೆದೆ. ಒಂದರಿಂದ ಒಂಬತ್ತು ಸರಿ. ಅದಲು ಬದಲಾಗಿದ್ದರೆ ಹತ್ತರ ಜಾಗದಲ್ಲಿ ಇಪ್ಪತ್ತೆರಡು ಕಾಣಬೇಕಿತ್ತು. ಹತ್ತು ಎಂದೇ ತೋರಿಸಿತು. ಇನ್ನೊಮ್ಮೆ ಡಬ್ಬಿ ಎತ್ತಿ ಹಿಡಿದೆ, ಹತ್ತೇ. ಮುಂದೆ ಹೋದೆ. ಹನ್ನೊಂದರಿಂದ ಇಪ್ಪತ್ತೊಂದೂ ಸರಿ. ಇಪ್ಪತ್ತೆರಡರ ಜಾಗದಲ್ಲೂ ಹತ್ತು. ಒಂದು ಮಂಡಿಯಲ್ಲಿ ಎರಡು ಹತ್ತು ಇರಲು ಸಾಧ್ಯವಿಲ್ಲ. ಮಂಡಿಯ ಕಬ್ಬಿಣದ ಏಣಿ ತಂದು ಹತ್ತಿದೆ. ದೀಪದ ಮುಖದ ಮೇಲೆ ನನ್ನ ಮೂರು ಬೆರಳಿನ ಗಂಧ ಒಣಗಿ, ಬಿಸಿಗೆ ಸಣ್ಣಗೆ ಬಿರುಕು ಬಿಟ್ಟು, ಗಟ್ಟಿಯಾಗಿ ಕೂತಿತ್ತು.

ದುಪಟ್ಟಾದ ತುದಿಗೆ ಎಂಜಲು ಹಚ್ಚಿ ಒರೆಸಿದೆ. ಏಣಿಯ ಮೇಲೆಯೇ ಡಬ್ಬಿ ಹಿಡಿದು ನೋಡಿದೆ. ಇಪ್ಪತ್ತೆರಡು. ಉಳಿದ ಹದಿನಾಲ್ಕನ್ನೂ ನೋಡಿದೆ. ಎಲ್ಲ ಅವುಗಳ ಜಾಗದಲ್ಲೇ. ಮೂವತ್ತಾರನ್ನೂ ತಾತ ಅವುಗಳ ಸ್ವಂತ ಜಾಗಕ್ಕೇ ಹಾಕಿದ್ದರು, ಗೋಣಿತಾಟು ಹಾಸದೆ ತೆಗೆದು ಹಾಕಿದ ಎರಡನ್ನೂ ಸೇರಿಸಿ.

ಮುಖ್ಯಸ್ಥ ಫೋನ್ ಮಾಡಿದ. ‘ಏನಾಯ್ತು?’

‘ಸರಿ ಮಾಡ್ದೆ.’

‘ಅದಲು ಬದಲಾಗಿತ್ತಾ?’

‘ಹೂಂ.’

ಅಂದಿನ ಡೈರಿಯಲ್ಲಿ ‘22 ಸರಿಯಾಯಿತು, 3.58’ ಎಂದಷ್ಟೇ ಇದೆ. ದುಪಟ್ಟಾದ ವಿಷಯವಿಲ್ಲ. ದುಪಟ್ಟಾವನ್ನು ಅಮ್ಮ ಕಾಣದಂತೆ ನಾನೇ ಒಗೆದೆ. ಕುಂಕುಮದ ಕಲೆ ಇವತ್ತಿಗೂ ಪೂರ್ತಿ ಹೋಗಿಲ್ಲ.

ಆಮೇಲಿನ ದಿನಗಳಲ್ಲಿ ಎಲ್ಲವೂ ಚೆನ್ನಾಗಿತ್ತು, ಅದೇ ಕಷ್ಟ. ಹಾರಾಟಗಳು ಸರಿಯಾಗಿ ಆದವು. ಅಕ್ಟೋಬರಿನಲ್ಲಿ ಏಳು, ನವೆಂಬರಿನಲ್ಲಿ ಎಂಟು, ಡಿಸೆಂಬರಿನಲ್ಲಿ ಎಂಟು. ಪ್ರತಿ ಸಲವೂ ನಲವತ್ತು ನಿಮಿಷ ನಡೆದು ನೋಡಿದೆ, ಯಾರೂ ದೀಪ ಮುಟ್ಟದಿದ್ದರೂ. ನನ್ನ ಶ್ರದ್ಧೆ ನೋಡಿ ಮುಖ್ಯಸ್ಥ ಹೊಗಳಿದ. ಬೀದಿಯಲ್ಲಿ ತಾತ ಕಾಣದಿದ್ದಾಗ, ಬೇರೆ ಕಡೆ ಕೆಲಸವಿರಬೇಕು ಎಂದುಕೊಂಡೆ. ಒಮ್ಮೆಯೂ ಯಾರನ್ನೂ ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ.

ಜನವರಿ 9, ಶುಕ್ರವಾರ. ಸಂಕ್ರಾಂತಿಗೆ ಮುಂಚೆ ದೀಪಗಳ ಧೂಳು ಒರೆಸಬೇಕಿತ್ತು. ಏಣಿ ಹುಡುಕುತ್ತ ಹೋದರೆ, ಮೂಟೆಗಳ ಮರೆಯಲ್ಲಿ ಹಿಂಗೋಡೆಗೆ ಒರಗಿಸಿದ್ದ ತಾತನ ಬಿದಿರಿನ ಏಣಿ ಕಂಡಿತು. ಮೂರನೇ ಮೆಟ್ಟಿಲಿಗೆ ನೀಲಿ ಟೇಪು ಸುತ್ತಿದ್ದರಿಂದ ತಕ್ಷಣ ಗುರುತು ಸಿಕ್ಕಿತು. ಖುಷಿಯಾಯಿತು ಕೂಡ.

‘ತಾತ ಬಂದಿದಾರಾ ಅಕ್ಕ?’

ಅಕ್ಕ ಮೊರ ನಿಲ್ಲಿಸಿದಳು. ‘ಎಲ್ಲಿ ಬರ್ತಾರೆ? ಏಣಿ ಇಲ್ಲೇ ಬಿಟ್ಟು ಹೋದ್ರಲ್ಲ, ದೀಪಾವಳಿ ಆದ್ಮೇಲೆ. ನಿಂಗೊತ್ತಿಲ್ವಾ?’

‘ಯಾಕೆ?’

‘ಅವ್ರು, ನಂಗೆ ಮರೆವು ಸುರುವಾಗಿದೆ ಕಣಮ್ಮ, ಹಾಕಿದ್ದು ಎಲ್ಲಿ ಹಾಕ್ದೆ ಅಂತ ಗೊತ್ತಾಗ್ತಿಲ್ಲ, ಕರೆಂಟಿನ ಕೆಲ್ಸ, ನಾನು ಏಣಿ ಹತ್ತಿದ್ರೆ ಇನ್ನೊಬ್ರ ಪ್ರಾಣಕ್ಕೆ ಬರುತ್ತೆ ಅಂದ್ರು. ಯಾರು ಕರೆದ್ರೂ ಹೋಗ್ತಿರ್ಲಿಲ್ಲವಂತೆ. ನನ್ನ ಕೈ ನೋಡ್ದಾಗೆಲ್ಲ ಕಣ್ಣಲ್ಲಿ ನೀರು.’ ಅವಳು ಮತ್ತೆ ಮೊರ ಎತ್ತಿಕೊಂಡಳು. ‘ಮರೆವೂ ಇಲ್ಲ ಎಂಥದ್ದೂ ಇಲ್ಲ. ನನ್ನ ಮಗಳ ಮದುವೆಗೆ ಸೀರಿಯಲ್ ಸೆಟ್ ಕಟ್ಟಿದ್ದು ಯಾವ ವಾರ, ಯಾವ ಮರಕ್ಕೆ ಎಷ್ಟು ಸುತ್ತು ಅಂತ ಅವತ್ತೂ ಹೇಳಿದ್ರು. ಆದ್ರೆ ನಿನ್ನ ಕಾಗದ ಹೇಳಿಬಿಡ್ತಲ್ಲ. ಬರ್ಕೋ, ಇದನ್ನೂ ಬರ್ಕೋ ಪುಸ್ತಕದಲ್ಲಿ.’

ಏಣಿಗೆ ಕೈ ಇಟ್ಟುಕೊಂಡೇ ನಿಂತಿದ್ದೆ. ಅದನ್ನು ಹತ್ತಲಾಗಲಿಲ್ಲ.

ಚಾಮರಾಜಪೇಟೆಯ ಒಂದು ವಠಾರದಲ್ಲಿ ಅವರ ಮನೆ ಎಂದು ಗೊತ್ತಿತ್ತು. ಅಂದೇ ಸಂಜೆ ಹೋದೆ. ಬಾಗಿಲಿಗೆ ಬೀಗ ಬಿದ್ದಿತ್ತು. ಶನಿವಾರ, ಭಾನುವಾರ ಮತ್ತೆ ಹೋದೆ. ಭಾನುವಾರ ಪಕ್ಕದ ಮನೆಯವರು ಸಿಕ್ಕರು. ಡಿಸೆಂಬರಿನಲ್ಲೇ ಮನೆ ಖಾಲಿ ಮಾಡಿ ಮಗಳ ಊರಿಗೆ ಹೋದರಂತೆ. ಯಾವ ಊರೆಂದು ಅವರಿಗೆ ಗೊತ್ತಿಲ್ಲ. ಫೋನ್ ನಂಬರು ಕೊಟ್ಟರು. ಇವತ್ತಿನವರೆಗೆ ಇಪ್ಪತ್ತಾರು ಸಲ ಮಾಡಿದ್ದೇನೆ, ಸ್ವಿಚ್ಡ್ ಆಫ್.

ಜನವರಿ 12, ಸೋಮವಾರ ಬೆಳಿಗ್ಗೆ ಮುಖ್ಯಸ್ಥನಿಗೆ ಹೇಳಿದೆ, ಹಾಳೆಯನ್ನು ಮೇಜಿನ ಮೇಲಿಟ್ಟು. ಫೋನಿನಲ್ಲಿ ಅವನಿಗೆ ಆ ‘ಹೂಂ’ ಎಂಬ ಸುಳ್ಳು ಹೇಳಿ ತೊಂಬತ್ತೆಂಟು ದಿನವಾಗಿತ್ತು. ಕೆಲಸದಿಂದ ತೆಗೆಯುತ್ತಾನೆ ಎಂದುಕೊಂಡಿದ್ದೆ. ಅವನು ಬಹಳ ಹೊತ್ತು ಹಾಳೆ ನೋಡಿದ. ಆಮೇಲೆ, ‘ಇನ್ನು ಒಬ್ಬರೇ ಸಹಿ ಮಾಡೋದು ಬೇಡ, ಇಬ್ಬರು ಮಾಡೋಣ. ಚೆಕ್‌ಲಿಸ್ಟಲ್ಲಿ ದೀಪದ ಮೇಲೆ ಗಂಧ ಕುಂಕುಮ ಇದೆಯಾ ಅಂತ ಒಂದು ಸಾಲು ಸೇರಿಸು’ ಎಂದ. ಅಂದೇ ಮಂಡಿಗೆ ಹೋಗಿ ಹೇಳಿದಾಗ ಯಜಮಾನರು, ‘ಅಂದ್ರೆ ಪೂಜೆ ಮಾಡಿದ್ದೇ ತಪ್ಪು ಅಂತೀಯಾ?’ ಎಂದರು. ಅಲ್ಲ, ನಾನು ಸುಳ್ಳು ಬರೆದದ್ದು ತಪ್ಪು ಎಂದೆ. ‘ಪಾಪ, ಒಳ್ಳೇ ಮನುಷ್ಯ’ ಎಂದು ಗಿರಾಕಿಯ ಕಡೆ ತಿರುಗಿದರು. ನನಗೆ ಯಾವ ಶಿಕ್ಷೆಯೂ ಆಗಲಿಲ್ಲ. ಸಂಕ್ರಾಂತಿಗೆ ಎಳ್ಳುಬೆಲ್ಲವನ್ನೂ ಕೊಟ್ಟರು.

ಅಕ್ಕನಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಗಂಧದ ಗೆರೆಯಿಂದ ಶುರು ಮಾಡಿ ದುಪಟ್ಟಾದವರೆಗೆ ಹೇಳಿದೆ. ಅವಳು ಮುಂಗೈ ಮುಂದೆ ಮಾಡಿದಳು. ಗಾಯದ ಜಾಗದಲ್ಲಿ ತೆಳುವಾದ ಬಿಳಿ ಗೆರೆ.

‘ಇದು ವಾಸಿಯಾಯ್ತು. ಇದಕ್ಕೆ ನಾನೇನೂ ಅನ್ನಲ್ಲ. ಅವ್ರುದ್ದು ಹೇಳು.’

‘ಹುಡುಕ್ತೀನಿ ಅಕ್ಕ.’

‘ಹುಡುಕು. ಆ ಕಾಗದ ತೋರ್ಸಿದಾಗ ಇಡೀ ಬೀದಿ ನೋಡ್ತಲ್ಲ, ಹಂಗೇ ಎಲ್ರಿಗೂ ಕಾಣೋ ಹಂಗೆ ಹೇಳು. ಬರ್ದಿದ್ರೆ ತಾನೇ ಅವರು ನಂಬೋದು.’

ಅದಕ್ಕೇ ಇದನ್ನು ಬರೆದೆ, ಅಚ್ಚಿಗೂ ಕೊಡುತ್ತಿದ್ದೇನೆ. ಡೈರಿಯಲ್ಲಿ ಅಕ್ಟೋಬರ್ 6ರ ಪುಟವನ್ನು ತಿದ್ದಿಲ್ಲ. ಅದರ ಎದುರಿನ ಖಾಲಿ ಜಾಗದಲ್ಲಿ, ಈಗಿನ ತಾರೀಕು ಹಾಕಿ, ಆ ದಿನ ನಿಜವಾಗಿ ನಡೆದದ್ದನ್ನು ಬರೆದಿದ್ದೇನೆ. ಏಣಿ ಮಂಡಿಯಲ್ಲೇ ಇದೆ. ಯಾರೂ ಅದನ್ನು ಬಳಸದಂತೆ ಅಕ್ಕ ನೋಡಿಕೊಳ್ಳುತ್ತಿದ್ದಾಳೆ.

ಇದನ್ನು ಓದುವವರಲ್ಲಿ ಯಾರ ಬೀದಿಗಾದರೂ, ಡಿಸೆಂಬರಿನಿಂದ ಈಚೆಗೆ, ಒಬ್ಬ ತಾತ ಮಗಳ ಮನೆಗೆಂದು ಬಂದಿದ್ದರೆ ದಯವಿಟ್ಟು ಗಮನಿಸಿ. ಬೆಳ್ಳಗಿನ ಕೂದಲು, ತೆಳ್ಳಗಿನ ಮೈಕಟ್ಟು. ಏನನ್ನು ಎಣಿಸಿದರೂ ಒಂದು ಎನ್ನದೆ ಲಾಭ ಎಂದು ಶುರು ಮಾಡುತ್ತಾರೆ. ಮಿಟುಕುವ ಟ್ಯೂಬ್‌ಲೈಟ್ ಕಂಡರೆ ತಲೆ ಎತ್ತಿ ನಿಲ್ಲುತ್ತಾರೆ, ಈಗ ಸರಿ ಮಾಡಲು ಹೋಗದೆಯೂ ಇರಬಹುದು. ಅವರು ಎಲ್ಲಿದ್ದಾರೆಂದು ತಿಳಿದವರು ಇದನ್ನು ಅಚ್ಚು ಮಾಡಿದವರ ವಿಳಾಸಕ್ಕೆ ಎರಡು ಸಾಲು ಬರೆದರೆ ನನಗೆ ತಲುಪುತ್ತದೆ, ನಾನೇ ಹೊರಟು ಬರುತ್ತೇನೆ. ಅಲ್ಲಿಯವರೆಗೆ ಕಾಯಬೇಡಿ. ಈ ಪುಟವನ್ನು ಅವರಿಗೆ ಓದಿ ಹೇಳಿ. ಮೂವತ್ತಾರಕ್ಕೆ ಮೂವತ್ತಾರನ್ನೂ ಅವರು ಸರಿಯಾದ ಜಾಗಕ್ಕೇ ಹಾಕಿದ್ದರು ಎಂದು ಹೇಳಿ.